ಡಾಕ್ಟರ ವೋಟು, ಬಡಿಗೇರನ ಪೆನ್ಸಿಲ್ಲು

ಅವರು ಯಾರ ಕೈಯನ್ನೂ ಸುಮ್ಮನೆ ಕುಲುಕಿದವರಲ್ಲ. ಕೈ ಕೊಟ್ಟರೆ ಮಣಿಕಟ್ಟಿಗೆ ಎರಡು ಬೆರಳು ಒತ್ತಿ, ತಮ್ಮ ಎಡಗೈಯ ವಾಚು ನೋಡುತ್ತಾ ನಿಂತುಬಿಡುತ್ತಿದ್ದರು. "ಎಪ್ಪತ್ತೆಂಟು. ಚಾ ಕಡಿಮಿ ಮಾಡವಾ," ಅಂದ ಮೇಲೆಯೇ "ಆರಾಮ ಇದ್ದೀ?" ಅಂತ ಕೇಳುವುದು. ಮೊದಲು ನಾಡಿ, ಆಮೇಲೆ ಕ್ಷೇಮಸಮಾಚಾರ. ಅಮೆರಿಕಾದ ಜರ್ಮನ್‌ಟೌನಿನ ನಮ್ಮ ಕನ್ನಡದ ಮನೆಗಳ ಮಕ್ಕಳು ಅವರನ್ನು ಕಂಡರೆ ಕೈ ಬೆನ್ನಹಿಂದೆ ಕಟ್ಟಿಕೊಂಡು "ಹಾಯ್ ಅಜ್ಜ, ಐ ಆಮ್ ಫೈನ್" ಅಂತ ಓಡುತ್ತಿದ್ದವು.

ಹೋದ ಫೆಬ್ರವರಿಯಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅವರು ಎಷ್ಟು ದೊಡ್ಡವರು ಅಂತ ಹೇಳಲು ನಾನು ಕೂತಿಲ್ಲ. ಅವರಿಗೆ ನಾನು ಮಾಡಿದ್ದು ಹೇಳಬೇಕು, ಅದು ಇಷ್ಟು ವರ್ಷ ನನ್ನ ಗಂಟಲಲ್ಲೇ ಉಳಿದಿದೆ.

ನಾನು ಮೈಸೂರಿನವಳು, ಸಾಬರ ಮನೆ ಹುಡುಗಿ. ಇಲ್ಲಿ ಹೆದ್ದಾರಿ ಪಕ್ಕದ ಒಂದು ಬಯೋಟೆಕ್ ಲ್ಯಾಬಿನಲ್ಲಿ ಕೆಲಸ. ಅವರನ್ನು ನಾನು ಅಂಕಲ್ ಅನ್ನುತ್ತಿದ್ದೆ. ಅವರ ಮಗಳು ನಮ್ಮದೇ ಸಾಲಿನ ಟೌನ್‌ಹೌಸಿನಲ್ಲಿ, ಎರಡು ಬಾಗಿಲು ಆಚೆ. ಅವಳೂ ಡಾಕ್ಟರು. ಕೋವಿಡ್ ಶುರುವಾಗುವ ಎರಡು ತಿಂಗಳು ಮುಂಚೆ ಅಪ್ಪನನ್ನು ಇಂಗ್ಲೆಂಡಿನಿಂದ ಕರೆಸಿಕೊಂಡಳು. ಆಮೇಲೆ ಅವಳಿಗೆ ಆಸ್ಪತ್ರೆಯೇ ಮನೆಯಾಯಿತು. ಹೀಗಾಗಿ ಅಂಕಲ್ ಅರ್ಧ ನನ್ನ ಪಾಲಿಗೆ ಬಂದರು. ಮೊದಲ ದಿನವೇ "ಎಲ್ಲಿಯಾಕಿ ನೀ?" ಅಂದರು. ಮೈಸೂರು ಅಂದೆ. "ಹಂಗಾರ ನಿನ್ನ ಕನ್ನಡ ಭಾಳ ಮೆತ್ತಗ ಇರ್ತದ. ನಂದು ಕಟಕರೊಟ್ಟಿ. ಸಂಬಾಳಿಸ್ಕೋ," ಅಂದರು. ನಗಲೇ ಇಲ್ಲ. ಅವರು ನಗಿಸುತ್ತಿದ್ದರೇ ಹೊರತು ತಾವು ನಗುವುದು ಕಡಿಮೆ.

ಬಾಗಲಕೋಟೆ ಕಡೆಯವರು. ಇಂಗ್ಲೆಂಡಿನ ಉತ್ತರಕ್ಕೆ, ಸಮುದ್ರದಂಡೆಯ ಒಂದು ಸಣ್ಣ ಊರಿನಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದವರು. ಹಡಗು ಕಟ್ಟುವ ಊರು. ಇವರು ಹೋಗುವ ಹೊತ್ತಿಗೆ ಹಡಗು ಕಟ್ಟುವುದು ನಿಂತು, ಕೆಮ್ಮು ಮಾತ್ರ ಉಳಿದಿತ್ತಂತೆ. ಹೊತ್ತಿನ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಒಂದು ಸಲ ರೋಗಿಯೊಬ್ಬಳಿಗೆ ಹತ್ತಕ್ಕೆ ಬಾ ಅಂದು, ತಾವು ಮರೆತು ಹನ್ನೊಂದಕ್ಕೆ ಹೋದರಂತೆ. ಅವಳೇನೂ ಅನ್ನಲಿಲ್ಲ. ಇವರು ಅವತ್ತು ಸಂಜೆಯೇ ರಾಜೀನಾಮೆ ಬರೆದರು. "ವ್ಯಾಳ್ಯಾ ಮರೆತ ಡಾಕ್ಟರ ಮನ್ಯಾಗ ಕುಂದರಬೇಕವಾ," ಅನ್ನುತ್ತಿದ್ದರು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಮಗಳ ಅಡುಗೆಮನೆಯಲ್ಲಿ ಎರಡು ಗಡಿಯಾರ. ಒಂದು ಇಲ್ಲಿಯದು. ಇನ್ನೊಂದು, ಮರದ ಚೌಕಟ್ಟಿನದು, ಇಂಗ್ಲೆಂಡ್ ಟೈಮಿನದು. ಅಲ್ಲಿ ಸಮಯ ಹಿಂದೆಮುಂದೆ ಮಾಡುವ ವಾರ ಬೇರೆ, ಇಲ್ಲಿಯ ವಾರ ಬೇರೆ. ವರ್ಷಕ್ಕೆರಡು ಸಲ ಅಂಕಲ್ ಸ್ಟೂಲು ಹತ್ತಿ ಅದನ್ನು ತಿರುಗಿಸುವುದು ಒಂದು ಹಬ್ಬದ ಹಾಗೆ ನಡೆಯುತ್ತಿತ್ತು. "ಅಪ್ಪಾ, ಬೀಳ್ತೀಯಾ," ಅಂತ ಮಗಳು ಕೂಗಿದರೆ "ಬಿದ್ರ ಇಬ್ರು ಡಾಕ್ಟರ ಅದೀವಿ," ಅನ್ನುವರು. ನಮಗೆ ಬೆಳಗಿನ ಹನ್ನೊಂದಾದರೆ ಆ ಗಡಿಯಾರದಲ್ಲಿ ನಾಲ್ಕು. ಆಗ ಓದುತ್ತಿದ್ದ ಪೇಪರು ಮಡಿಚಿ ಹೇಳುತ್ತಿದ್ದರು: "ಈಗ ಬಡಿಗೇರ ಗೋಡಿ ಕಡಿ ಬಂದಿರ್ತಾನ."

ಬಡಿಗೇರ ಅಂದರೆ ಅಲ್ಲಿನ ಪಕ್ಕದ ಮನೆಯ ಇಂಗ್ಲಿಷಿನವನು. ಹಡಗುಕಟ್ಟೆಯಲ್ಲಿ ಮರಗೆಲಸ ಮಾಡಿ ರಿಟೈರಾದವನು. ಅವನ ನಿಜವಾದ ಹೆಸರು ಅಂಕಲ್ ಬಾಯಲ್ಲಿ ನಾನು ಕೇಳಿಯೇ ಇಲ್ಲ. ಎರಡೂ ಹಿತ್ತಲಿನ ನಡುವೆ ಸೊಂಟದೆತ್ತರದ ಗೋಡೆ. ದಿನಾ ನಾಲ್ಕಕ್ಕೆ ಆ ಕಡೆ ಅವನು, ಈ ಕಡೆ ಇವರು, ಗೋಡೆಯ ಮೇಲೆ ಎರಡು ಕಪ್ಪು. ಆಂಟಿ ಬದುಕಿದ್ದಾಗ ಶೇಂಗಾ ಚಟ್ನಿಪುಡಿ ಬಾಟಲಿಗಟ್ಟಲೆ ಗೋಡೆ ದಾಟುತ್ತಿತ್ತು. ಅವನು ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಅದನ್ನು ಉದುರಿಸಿಕೊಂಡು ತಿನ್ನುತ್ತಿದ್ದನಂತೆ. ಆ ಗಡಿಯಾರದ ಚೌಕಟ್ಟು ಮಾಡಿಕೊಟ್ಟವನೂ ಅವನೇ.

ಬ್ರೆಕ್ಸಿಟ್ ಬಂತು. ಬಡಿಗೇರ ತನ್ನ ಕಿಟಕಿಗೆ ಯುರೋಪಿನಿಂದ ಹೊರಗೆ ಬರೋಣ ಅನ್ನುವ ಬೋರ್ಡು ಹಾಕಿದ. ಅಂಕಲ್ ಯಾಕೆ ಅಂತ ಕೇಳಿದರು. ಹೊರಗಿನವರು ಜಾಸ್ತಿಯಾದರು, ಊರು ನಮ್ಮದಾಗಿ ಉಳಿದಿಲ್ಲ ಅಂದ. ಆಮೇಲೆ ಇವರ ಮುಖ ನೋಡಿ, "ನೀವಲ್ಲ ಡಾಕ್ಟರೇ, ಉಳಿದವರು," ಅಂದ.

ಅಂಕಲ್ ಇದನ್ನು ನನಗೆ ಹತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಅಲ್ಲಿಗೆ ಬಂದಾಗ ದನಿ ಇಳಿಯುತ್ತಿತ್ತು. "ಉಳಿದವರು ಅಂದ್ರ ಯಾರವಾ? ನಾನೂ ಒಂದಿನ ಪೆಟ್ಟಿಗಿ ಹಿಡಕೊಂಡು ಬಂದಾವನ ಅಲ್ಲ?" ಅವತ್ತು ಕಪ್ಪು ಎತ್ತಿಕೊಂಡು ಒಳಗೆ ಹೋದವರು ಎರಡು ವರ್ಷ ಗೋಡೆಯ ಕಡೆ ಹೋಗಲಿಲ್ಲ. ಚಟ್ನಿಪುಡಿ ಮಾತ್ರ ಆಂಟಿ ಕದ್ದು ಕೊಡುತ್ತಿದ್ದರಂತೆ. ಆಮೇಲೆ ಆಂಟಿ ಹೋದರು. ಮಣ್ಣಿನ ಮರುದಿನ, ಸರಿಯಾಗಿ ನಾಲ್ಕಕ್ಕೆ ಹಿತ್ತಲ ಬಾಗಿಲು ತೆಗೆದರೆ ಗೋಡೆಯ ಮೇಲೆ ಎರಡು ಕಪ್ಪು ಹಬೆಯಾಡುತ್ತಿವೆ, ಬಡಿಗೇರ ಬೇರೆ ಕಡೆ ನೋಡುತ್ತಾ ನಿಂತಿದ್ದಾನೆ. ಇವರು ಗೋಡೆಯ ಹತ್ತಿರ ಹೋದರು. ಚಹಾ ಕುಡಿದರು.

ಕೋವಿಡ್ಡಿನ ಎರಡನೇ ವರ್ಷ ಅಂಕಲ್ ಇದ್ದ ಇಂಗ್ಲೆಂಡಿನ ಊರಿನ ಕ್ಷೇತ್ರಕ್ಕೆ ಪಾರ್ಲಿಮೆಂಟಿನ ಉಪಚುನಾವಣೆ ಬಂತು. ತಲೆಮಾರುಗಳಿಂದ ಕಾರ್ಮಿಕರ ಕೆಂಪು ಪಕ್ಷದ ಕೋಟೆ. ಈಗ ಬ್ರೆಕ್ಸಿಟ್ ಸಿಟ್ಟಿನಲ್ಲಿ ಎದುರಿನ ನೀಲಿ ಪಕ್ಷದ ಕಡೆ ವಾಲುತ್ತಿದೆ ಅಂತ ಸುದ್ದಿ. ಅಂಕಲ್‌ಗೆ ಅಲ್ಲಿನ ವೋಟಿತ್ತು. ಹೊರದೇಶದಲ್ಲಿ ಇರುವವರು ಅಲ್ಲಿಯವರೊಬ್ಬರನ್ನು ನೇಮಿಸಿ, ತಮ್ಮ ಪರವಾಗಿ ವೋಟು ಹಾಕಿಸಬಹುದು. ಅದಕ್ಕೆ ಅಲ್ಲಿ ಹಳೇ ಡಾಕ್ಟರ್ ಗೆಳೆಯರು ನಾಲ್ಕು ಜನ ಇದ್ದರು, ಎಲ್ಲ ಇವರ ಹಾಗೇ ಕೆಂಪಿನವರು. ಅವರನ್ನೆಲ್ಲ ಬಿಟ್ಟು ಅಂಕಲ್ ಬರೆಸಿದ್ದು ಬಡಿಗೇರನ ಹೆಸರು.

"ಅಂಕಲ್, ಅವರು ನೀಲಿ ಪಕ್ಷ ಅಲ್ವಾ?" ಅಂದೆ.

"ಹೌದಲ್ಲ. ಅದಕ್ಕ ಅವಗ ಕೊಟ್ಟೀನಿ. ತನ್ನದು ನೀಲಿಗೆ ಹಾಕ್ತಾನ, ನಂದು ಕೆಂಪಿಗೆ ಹಾಕ್ತಾನ. ಹಾಕ್ತೀಯೇನು ಅಂತ ಕೇಳಿದೆ. ಹಾಕ್ತೀನಿ ಡಾಕ್ಟರ ಅಂದಾನ. ಮುಗೀತಲ್ಲ." ಆಮೇಲೆ, "ಅಲ್ಲೆ ಪೆನ್ಸಿಲ್ಲಿಲೇ ಗುರುತು ಹಾಕೋದು, ಗೊತ್ತೇನು? ಅಳಿಸಬಹುದು. ಯಾರೂ ಅಳಸಂಗಿಲ್ಲ," ಅಂದರು. ಈ ಸಲ ಸೋಂಕಿನ ಭಯಕ್ಕೆ ಪೆನ್ಸಿಲ್ಲು ಮನೆಯಿಂದಲೇ ತನ್ನಿ ಅಂದಿದ್ದಾರೆ, ಬಡಿಗೇರ ತನ್ನ ಚಪ್ಪಟೆ ಪೆನ್ಸಿಲ್ಲು ಚೂಪು ಮಾಡಿ ಇಟ್ಟಿದ್ದಾನೆ, ಅದೂ ವರದಿಯಾಯಿತು. ಆ ಮುದುಕರಿಬ್ಬರಿಗೆ ಅದು ಬರೀ ವೋಟಾಗಿರಲಿಲ್ಲ ಕಣ್ರೀ. "ಉಳಿದವರು" ಅನ್ನುವ ಮಾತನ್ನು ಇವರು ಕ್ಷಮಿಸಿದ್ದಕ್ಕೆ ಅದೊಂದೇ ರುಜು.

ಅರ್ಜಿಗೆ ಅಂಕಲ್ ಸಹಿ ಹಾಕಿದರು. ಸ್ಕ್ಯಾನ್ ಮಾಡಿ ಅಲ್ಲಿನ ಚುನಾವಣಾ ಆಫೀಸಿಗೆ ಈಮೇಲ್ ಮಾಡುವುದು ನನ್ನ ಕೆಲಸ. "ಕಡೀ ದಿನ ಐದರ ಒಳಗ ಮುಟ್ಟಬೇಕವಾ. ಇವತ್ತ ಕಳಸ್ತೀಯೇನು?" ಅಂದರು. "ಆಯ್ತು ಅಂಕಲ್, ಬಿಡಿ, ನಾನ್ ನೋಡ್ಕೋತೀನಿ," ಅಂದೆ. ಲ್ಯಾಬಿನಲ್ಲಿ ಆ ವಾರ ಕೆಲಸದ ರಾಶಿ. ಇವತ್ತು, ನಾಳೆ ಅಂತ ಕೊನೆಯ ದಿನಕ್ಕೆ ಬಂತು. ಆದರೂ ನಾಲ್ಕೂವರೆಗೇ ಕಳಿಸಿದೆ. ಅರ್ಧ ಗಂಟೆ ಮುಂಚೆ ಮುಗಿಸಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮ ಲ್ಯಾಬಿನ ನಾಲ್ಕೂವರೆಗೆ ಇಂಗ್ಲೆಂಡಿನಲ್ಲಿ ರಾತ್ರಿ ಒಂಬತ್ತೂವರೆ!

ನಂಬ್ತೀರಾ? ಮೈಸೂರಿನಲ್ಲಿ ಈಗೆಷ್ಟು ಗಂಟೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳ್ತೀನಿ. ಅಮ್ಮ ಮಾತ್ರೆ ತಗೊಳ್ಳೋ ಹೊತ್ತು, ಅಕ್ಕ ಸ್ಕೂಲಿಂದ ಬರೋ ಹೊತ್ತು, ಎಲ್ಲ ನನ್ನ ತಲೆಯಲ್ಲಿ ಓಡುತ್ತಲೇ ಇರುತ್ತದೆ. ನಮಗೆಲ್ಲ ಜಗತ್ತಿನಲ್ಲಿ ಎರಡೇ ಟೈಮು, ಇಲ್ಲಿಯದು ಮತ್ತು ಮನೆಯದು. ನಡುವೆ ಇಂಗ್ಲೆಂಡ್ ಅಂತ ಒಂದಿದೆ, ಅಲ್ಲೂ ಸಂಜೆ ಐದಾಗುತ್ತದೆ ಅಂತ ಹೊಳೆಯಲೇ ಇಲ್ಲ. ಅದೂ ಆ ಗಡಿಯಾರದ ಕೆಳಗೆ ಕೂತು ನೂರು ಸಲ ಚಹಾ ಕುಡಿದ ಮೇಲೆ.

ಮರುದಿನ ಬೆಳಗ್ಗೆ ಆಫೀಸಿನಿಂದ ಮರ್ಯಾದೆಯ ಉತ್ತರ ಬಂತು, ನನ್ನ ಈಮೇಲಿಗೇ. ಅರ್ಜಿ ತಡವಾಗಿ ತಲುಪಿದೆ, ಈ ಚುನಾವಣೆಗೆ ಲೆಕ್ಕಕ್ಕಿಲ್ಲ. ಸಂಜೆ ಹೇಳಲೆಂದೇ ಹೋದೆ. ಅಂಕಲ್ ಆಗಲೇ ಬಾಗಿಲಲ್ಲಿ ಕೈ ಹಿಡಿದು, "ತೊಂಬತ್ತಾರು! ಓಡಿ ಬಂದೀ ಏನು?" ಅಂದರು. ಒಳಗೆ ಟೇಬಲ್ಲಿನ ಮೇಲೆ ರೂಲುಪಟ್ಟಿ ಇಟ್ಟು, ಹುರಿಯಾಳುಗಳ ಹೆಸರು ಬರೆದು, ಬಡಿಗೇರ ಯಾವ ಸಾಲಿನಲ್ಲಿ ಗುರುತು ಹಾಕಬೇಕು ಅಂತ ತಾವು ಅವನಿಗೆ ಫೋನಿನಲ್ಲಿ ಹೇಳಿದ್ದನ್ನು ನನಗೂ ತೋರಿಸಿದರು. ಇಲ್ಲಿಗೆ ಬಂದ ಮೇಲೆ ಅವರು ಅಷ್ಟು ಖುಷಿಯಾಗಿ ಇದ್ದದ್ದು ನಾನು ನೋಡಿರಲಿಲ್ಲ. ಒಂದು ವೋಟು, ಸಾವಿರಾರರಲ್ಲಿ ಒಂದು, ಏನು ಮುಳುಗಿಹೋಗತ್ತೆ ಅಂದುಕೊಂಡೆ. ಮತಗಟ್ಟೆಯವರು ಬಡಿಗೇರನನ್ನು ವಾಪಸು ಕಳಿಸುತ್ತಾರೆ, ಅವನೇ ಹೇಳುತ್ತಾನೆ, ಆಗ ನೋಡ್ಕೊಳ್ಳೋಣ. ರೊಟ್ಟಿ ತಿಂದು ಮನೆಗೆ ಬಂದೆ.

ವೋಟಿನ ದಿನ ಅಂಕಲ್ ಫೋನಿಗೆ ಬಡಿಗೇರ ಹೇಳಿದ್ದು ಒಂದೇ ಮಾತು: "ನೀವು ಹೇಳಿದ ಹಾಗೆ ಹಾಕಿದೆ ಡಾಕ್ಟರೇ." ಅಂಕಲ್ ನನಗೆ ಲ್ಯಾಬಿಗೇ ಫೋನ್ ಮಾಡಿ ಹೇಳಿದರು. ಅಬ್ಬಾ, ಆಫೀಸಿನವರೇ ಕನಿಕರಪಟ್ಟು ಒಪ್ಪಿಕೊಂಡಿರಬೇಕು ಅಂತ ನನ್ನ ಎದೆ ಹಗುರಾಯಿತು. ನಮಗೆ ಬೇಕಾದದ್ದನ್ನು ನಂಬುವುದು ಎಷ್ಟು ಸುಲಭ ನೋಡಿ.

ಮರುದಿನ ಫಲಿತಾಂಶ. ಕೆಂಪು ಕೋಟೆ ಬಿದ್ದಿತ್ತು, ನೀಲಿ ಪಕ್ಷ ಭಾರಿ ಅಂತರದಲ್ಲಿ ಗೆದ್ದಿತ್ತು. ಕೆಲಸಕ್ಕೆ ತಡವಾಗಿ ಹೋಗ್ತೀನಿ ಅಂತ ಹೇಳಿ ಅವರ ಮನೆಗೆ ಹೋದೆ. ಟ್ಯಾಬ್ಲೆಟ್ಟಿನಲ್ಲಿ ಆ ಊರಿನ ರೇಡಿಯೋ. ಒಬ್ಬ ಅಳುತ್ತಾನೆ, ನಮ್ಮಪ್ಪ ಇದ್ದಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ ಅಂತ. ಇನ್ನೊಬ್ಬಳು, ಇಷ್ಟು ವರ್ಷ ನಮ್ಮನ್ನು ಮನೆ ಕೋಳಿಯ ಹಾಗೆ ಎಣಿಸಿದಿರಲ್ಲ, ಅನುಭವಿಸಿ ಅಂತಾಳೆ. ಜಾರ್ಜಿಯಾ ರಾಜ್ಯದ ಜಾನ್ಸ್ ಕ್ರೀಕ್‌ನಿಂದ ಅಂಕಲ್ ತಮ್ಮನ ಮಗ ಫೋನ್ ಮಾಡಿ, "ಕಾಕಾ, ನಮ್ಮ ಜಾರ್ಜಿಯಾನೂ ಮೊನ್ನೆ ಅಧ್ಯಕ್ಷರ ವೋಟಿನ್ಯಾಗ ಹಿಂಗ ತಿರಗಿತಲ್ಲ, ಯಾಕ್ ತಲಿ ಕೆಡಿಸ್ಕೋತೀರಿ?" ಅಂದ. ಮೊಮ್ಮಗಳು ಆನ್‌ಲೈನ್ ಕ್ಲಾಸಿನ ನಡುವೆ ಎದ್ದು ಬಂದು "ಅಜ್ಜ, ಡಿಡ್ ವಿ ಲೂಸ್?" ಅಂದಳು. "ಹೌದವಾ, ಸೋತಿವಿ," ಅಂದರು. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ಅವರಿಗೆ ಬೇಸರವಿತ್ತು, ಸಿಟ್ಟಿರಲಿಲ್ಲ.

ಮರದ ಗಡಿಯಾರದಲ್ಲಿ ನಾಲ್ಕಾಯಿತು. ಬಡಿಗೇರನಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ. ಗೆದ್ದವನು ನೀನು, ಕುಣೀಬೇಕಲ್ಲ ಅಂತ ತಮಾಷೆ ಮಾಡಿದರು. ಅವನು ಕುಣಿಯಲಿಲ್ಲ. ಊಂ, ಹಾಂ ಅಂದ. ಮೂವತ್ತು ವರ್ಷ ರೋಗಿಗಳನ್ನು ಕೇಳಿ ಕೇಳಿ ಪಳಗಿದ ಕಿವಿ ಅದು, ಏನೋ ಮುಚ್ಚಿಡುತ್ತಿದ್ದಾನೆ ಅಂತ ಹಿಡಿದುಬಿಟ್ಟಿತು.

"ನಿನಗೆ ಎಷ್ಟು ಚೀಟಿ ಕೊಟ್ಟರು?" ಅಂದರು ಇಂಗ್ಲಿಷಿನಲ್ಲಿ, ತಮ್ಮ ಆಸ್ಪತ್ರೆ ದನಿಯಲ್ಲಿ.

ಆ ಕಡೆ ಕಪ್ಪು ಕೆಳಗಿಟ್ಟ ಸದ್ದು. ಆಮೇಲೆ, "ಒಂದು."

"ನಿನ್ನದೊಂದು, ನನ್ನದೊಂದು, ಎರಡು ಕೊಡಬೇಕಲ್ಲ?"

"ಸ್ವಲ್ಪ ಗೊಂದಲ ಆಯಿತು ಡಾಕ್ಟರೇ..."

"ಗೊಂದಲ! ಒಂದೇ ಚೀಟಿಯಲ್ಲಿ ಯಾರ ವೋಟು ಹಾಕಿದೆ?"

"ನಿಮ್ಮದು."

"ಸುಳ್ಳು. ನನ್ನ ಹೆಸರು ಹೇಳಿ ಚೀಟಿ ಕೇಳಲೇ ಇಲ್ಲ ನೀನು. ನಿನ್ನದು ಹಾಕಿ ಮನೆಗೆ ಬಂದೆ. ನಾನೂ ಉಳಿದವರಲ್ಲಿ ಒಬ್ಬ, ಅಷ್ಟೇ ತಾನೆ?"

ಅವನು, "ನಿಮಗೆ ಹಾಗನ್ನಿಸಿದರೆ ಹಾಗೇ ಆಗಲಿ," ಅಂದು ಫೋನ್ ಇಟ್ಟ.

ಒಂದೇ ಚೀಟಿ ಯಾಕೆ ಅಂತ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ಈಮೇಲು ನನ್ನ ಪರ್ಸಿನೊಳಗಿನ ಫೋನಿನಲ್ಲೇ ಇತ್ತು. ಬಾಯಿ ತೆರೆದೆ. "ಅಂಕಲ್, ಹಾಗಲ್ಲ..." ಅಷ್ಟರಲ್ಲಿ ಮಗಳು, ಡ್ಯೂಟಿ ಮುಗಿಸಿ ಬಂದು ಅಲ್ಲೇ ತೂಕಡಿಸುತ್ತಿದ್ದವಳು, "ಅಪ್ಪಾ ಪ್ಲೀಸ್, ಬಿಡು, ಇಟ್ಸ್ ಜಸ್ಟ್ ಪಾಲಿಟಿಕ್ಸ್," ಅಂದಳು. ಅಂಕಲ್ ನನ್ನ ಕೈ ಹಿಡಿದರು. ಅಭ್ಯಾಸ. ಎರಡು ಬೆರಳು ಮಣಿಕಟ್ಟಿಗೆ ಹೋದವು, ಕಣ್ಣು ವಾಚಿಗೆ.

"ನೂರಾ ಹದಿನೆಂಟು," ಅಂದರು. "ಪಾಪ, ನನಗಿಂತ ನಿನಗ ಹೆಚ್ಚು ಸಿಟ್ಟ ಬಂದದ."

ಯಾ ಅಲ್ಲಾ! ಅವತ್ತು ಆ ಕೈ ಕಿತ್ತುಕೊಂಡು ಹೇಳಿಬಿಡಬೇಕಿತ್ತು. "ಬಿಡಿ ಅಂಕಲ್," ಅಂದೆ ನಾನೂ.

ಆಮೇಲಿನ ಭಾನುವಾರ ಅವರನ್ನು ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಕರಕೊಂಡು ಹೋದೆ. ಅವರು ಒಳಗೆ ಕೈ ಮುಗಿದು ಬರುವಷ್ಟರಲ್ಲಿ ನಾನು ದೋಸೆ ಕಟ್ಟಿಸಿಕೊಂಡು ಬಂದು, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಟ್ರಂಕ್ ತೆಗೆದು ಹರಡುವುದು ನಮ್ಮ ರೂಢಿ. ಪರಿಚಯದವರೊಬ್ಬರು ದೂರದಿಂದಲೇ "ಏನ್ ಡಾಕ್ಟ್ರೇ, ಇದ್ದೋರು ಅಮೆರಿಕಾದಲ್ಲಿ, ಸೋತಿದ್ದು ಇಂಗ್ಲೆಂಡಲ್ಲಂತೆ?" ಅಂತ ಕೂಗಿ ನಕ್ಕರು. ಅಂಕಲ್ ದೋಸೆ ಅರ್ಧಕ್ಕೆ ಬಿಟ್ಟರು. ವಾಪಸು ಬರುವಾಗ ಬೆಲ್ಟ್‌ವೇ ಹೆದ್ದಾರಿಯಲ್ಲಿ ಧೈರ್ಯ ಮಾಡಿ, "ಅಂಕಲ್, ಒಂದು ಮಾತು ಹೇಳಬೇಕು, ಆ ಅರ್ಜಿ..." ಅಂದೆ. "ಬಡಿಗೇರನ ಸುದ್ದಿ ಬಿಟ್ಟು ಏನರ ಮಾತಾಡು," ಅಂದರು, ಕಿಟಕಿ ಕಡೆ ತಿರುಗಿ. ನಾನು ಸುಮ್ಮನಾದೆ. ಸುಮ್ಮನಾಗಲು ಒಂದು ನೆಪ ಸಿಕ್ಕಿತಲ್ಲ ಅಂತ ಖುಷಿಯೂ ಆಯಿತು, ಅದನ್ನೂ ಹೇಳಿಬಿಡುತ್ತೇನೆ.

ವಾರಗಳು ಕಳೆದಷ್ಟೂ ಹೇಳುವುದು ಕಷ್ಟವಾಯಿತು. ಮೊದಲು ತಪ್ಪೊಂದೇ ಇತ್ತು. ಆಮೇಲೆ ಮುಚ್ಚಿಟ್ಟಿದ್ದೂ ಸೇರಿತು. ಅವರು ನನ್ನನ್ನು ಮಗಳ ಹಾಗೆ ನೋಡುತ್ತಿದ್ದರು, ರಂಜಾನಿನಲ್ಲಿ ಸಂಜೆ ನಾನು ಉಪವಾಸ ಬಿಡುವ ಹೊತ್ತನ್ನು ನನಗಿಂತ ಸರಿಯಾಗಿ ನೆನಪಿಟ್ಟುಕೊಂಡು ಎರಡು ನಿಮಿಷ ಮೊದಲೇ ಖರ್ಜೂರದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಅದು ಹೋಗಿಬಿಡುತ್ತದೆ ಅಂತ ಭಯ. ಇನ್ನೊಂದು ಚುನಾವಣೆ ಬಂತು, ಈ ಸಲ ಇಡೀ ದೇಶದ್ದು. ಅರ್ಜಿ ಹಾಕೋಣವಾ ಅಂದೆ, ಈ ಸಲ ಬೆಳಗ್ಗೆಯೇ. "ಯಾರನ್ನ ನಂಬಿ ಕಳಸಲಿ?" ಅಂದರು. ಮತ್ತೆ ವೋಟು ಹಾಕಲಿಲ್ಲ. ಬಡಿಗೇರನ ಮಾತೂ ಎತ್ತಲಿಲ್ಲ. ಆದರೆ ಮಾರ್ಚಿಗೊಮ್ಮೆ, ಅಕ್ಟೋಬರಿಗೊಮ್ಮೆ ಸ್ಟೂಲು ಹತ್ತುವುದು ಬಿಡಲಿಲ್ಲ, ಕಾಲು ನಡುಗುತ್ತಿದ್ದಾಗಲೂ. ಹನ್ನೊಂದಕ್ಕೆ ಪೇಪರು ಮಡಿಚುವುದನ್ನೂ ಬಿಡಲಿಲ್ಲ. ಏನೂ ಹೇಳದೆ ಗಡಿಯಾರ ನೋಡಿ, ಮತ್ತೆ ಬಿಡಿಸಿಕೊಳ್ಳುತ್ತಿದ್ದರು.

ಕೊನೆಯ ವಾರ ಆಸ್ಪತ್ರೆಯಲ್ಲಿ ನಾನು ಅವರ ಕೈ ಹಿಡಿದು ಕೂತಿದ್ದೆ. ನಾಡಿ ನೋಡಲು ಅವರ ಬೆರಳಿಗೆ ಬಲವಿರಲಿಲ್ಲ. ಆಗ ಹೇಳಿದೆ, ಎಲ್ಲವನ್ನೂ, ಮೊದಲಿಂದ ಕೊನೆವರೆಗೆ. ಅವರಿಗೆ ಪ್ರಜ್ಞೆ ಇರಲಿಲ್ಲ. ಅದಕ್ಕೇ ಹೇಳಲು ಸಾಧ್ಯವಾಯಿತು ಅಂತ ನನಗೂ ಗೊತ್ತು.

ಕೋಣೆ ಖಾಲಿ ಮಾಡುವಾಗ ಮಗಳು, "ಅಪ್ಪನದು ಏನು ಬೇಕೋ ತಗೋ," ಅಂದಳು. ಗಡಿಯಾರ ತಂದು ನನ್ನ ಅಡುಗೆಮನೆಗೆ ಹಾಕಿದೆ. ಅವಳಿಂದ ಬಡಿಗೇರನ ನಂಬರನ್ನೂ ಬರೆದುಕೊಂಡೆ. ಸಾವಿನ ಸುದ್ದಿ ಅವಳೇ ಅವನಿಗೆ ಮುಟ್ಟಿಸಿದ್ದಳು. ಫೋನ್ ಮಾಡಲು ನನಗೆ ಏಪ್ರಿಲ್ ಆಯಿತು.

ಅವನ ಇಂಗ್ಲಿಷು ಅರ್ಧ ಅರ್ಥವಾಗುವುದಿಲ್ಲ, ಅದರಲ್ಲೂ ವಯಸ್ಸಿನ ಗೊರಗೊರ. ನಾನು ಯಾರು ಅಂತ ಹೇಳಿದೆ. ಅರ್ಜಿ ಕಳಿಸಿದ್ದು ನಾನು, ಇಲ್ಲಿನ ಐದು ಗಂಟೆ ಅಂದುಕೊಂಡಿದ್ದು ನಾನು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೂ ನಾನೇ ಅಂದೆ. ನನಗೆ ಅಳು ಬಂತು. ಅವನು ಕಾದ.

"ಅಷ್ಟೇನಾ ತಾಯಿ?" ಅಂದ ಆಮೇಲೆ. "ಅರ್ಜಿ ತಡವಾಗಿ ಬಂತು ಅಂತ ಮತಗಟ್ಟೆಯಲ್ಲಿ ಹೇಳಿದರು. ನಾನು, ಡಾಕ್ಟರೇ ಹೊತ್ತು ತಪ್ಪಿರಬೇಕು ಅಂದುಕೊಂಡೆ. ಒಂದು ಗಂಟೆ ಮರೆತದ್ದಕ್ಕೆ ಕೆಲಸ ಬಿಟ್ಟ ಮನುಷ್ಯ. ಅವರಿಗೆ ಹೋಗಿ ತಡವಾಯಿತು ಅಂತ ಹೇಗೆ ಹೇಳಲಿ?"

"ಮತ್ತೆ ನೀವು ಹಾಕಿದ್ದು ನಿಮ್ಮ ವೋಟು?"

"ನನಗೆ ಕೊಟ್ಟದ್ದು ನನ್ನದೊಂದೇ ಚೀಟಿ. ಆದರೆ ಮಾತು ಕೊಟ್ಟಿದ್ದೆನಲ್ಲ. ಅದರ ಮೇಲೆ ಅವರ ಗುರುತು ಹಾಕಿ ಬಂದೆ." ಕೆಮ್ಮಿದ. "ಜೀವಮಾನವೆಲ್ಲ ಮರದ ಮೇಲೆ ಗೀಟು ಎಳೆದವನು. ಅಷ್ಟು ಕಷ್ಟದ ಗೀಟು ಇನ್ನೊಂದು ಎಳೆದಿಲ್ಲ."

ನಿಮ್ಮದು ಹಾಕಿದೆ ಅಂತ ಅವತ್ತು ಅವನು ಹೇಳಿದ್ದು ನಿಜ. ಆ ಕೋಣೆಯಲ್ಲಿ ನಾನು ಒಂದು ಮಾತು ಆಡಿದ್ದರೆ ಅಂಕಲ್‌ಗೆ ಅದು ಗೊತ್ತಾಗುತ್ತಿತ್ತು.

"ಹೋಗುವಾಗಲೂ ನನ್ನ ಮೇಲೆ ಸಿಟ್ಟಿತ್ತಾ?" ಅಂತ ಕೇಳಿದ. ಇಲ್ಲ ಅನ್ನಬಹುದಿತ್ತು. ಮುದುಕ, ಒಬ್ಬನೇ ಇದ್ದಾನೆ, ಯಾರಿಗೆ ನಷ್ಟ? ಆದರೆ ಇವರಿಬ್ಬರ ನಡುವೆ ಇನ್ನೊಂದು ಸುಳ್ಳು ಇಡಲು ನನಗೆ ಮನಸ್ಸು ಬರಲಿಲ್ಲ.

"ಇತ್ತು," ಅಂದೆ. "ನನ್ನಿಂದ. ಆದರೆ ನೀವು ಮಾಡಿಕೊಟ್ಟ ಗಡಿಯಾರ ಕೊನೇವರೆಗೂ ನಿಮ್ಮ ಟೈಮಿನಲ್ಲೇ ಇಟ್ಟಿದ್ದರು. ದಿನಾ ನಾಲ್ಕಕ್ಕೆ ನೋಡುತ್ತಿದ್ದರು. ಈಗ ನನ್ನ ಮನೇಲಿದೆ."

ಆ ಕಡೆ ಕುರ್ಚಿ ಎಳೆದ ಸದ್ದು ಕೇಳಿಸಿತು.

"ಈಗ ಅದರಲ್ಲಿ ಎಷ್ಟಾಗಿದೆ?" ಅಂದ.

ತಲೆ ಎತ್ತಿ ನೋಡಿದೆ. "ಮೂರೂ ಐದು."

"ಇಲ್ಲಿ ನಾಲ್ಕೂ ಐದು, ತಾಯಿ," ಅಂದ. "ಮಾರ್ಚಿನಲ್ಲಿ ಮುಂದೆ ಹಾಕಬೇಕಿತ್ತು."

ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲಿಟ್ಟೆ. ಸ್ಟೂಲು ಎಳೆದುಕೊಂಡು ಹತ್ತಿದೆ. ನಾನು ಮುಳ್ಳು ತಿರುಗಿಸಿ ಮುಗಿಸುವವರೆಗೂ ಅವನು ಆ ಕಡೆ ಕಾಯುತ್ತಿದ್ದ.